ಮನೆಸಾಲಿನ ಕೆಂಪು ಬಟ್ಟೆ

ನಮ್ಮ ಕೋಸಿನ ಹೊಲದ ಮೊದಲ ಸಾಲಿನ ತುದಿಗೊಂದು ಕೋಲು ನೆಟ್ಟು, ಅದಕ್ಕೆ ನನ್ನ ಹೆಂಡತಿ ಸಾಕಮ್ಮನ ಹಳೆಯ ಸೀರೆಯ ಕೆಂಪು ಚೂರೊಂದನ್ನು ಕಟ್ಟುವುದು ವಾಡಿಕೆ. ಕಂಪಲಾಪುರದ ಕಡೆ ಬಂದಾಗ ಅದನ್ನು ಕಂಡು ದೃಷ್ಟಿ ತೆಗೆಯಲು ಕಟ್ಟಿದ್ದೆಂದು ಭ್ರಮಿಸಬೇಡಿ, ಗೆಳೆಯರೇ; ಅದು ಮನೆಸಾಲು, ಅಂದರೆ ನಮ್ಮ ಅಡುಗೆಗೆಂದು ಔಷಧಿ ಹೊಡೆಯದೆ ಬಿಟ್ಟ ಸಾಲು. ಮಿಕ್ಕವೆಲ್ಲ ಪೇಟೆಸಾಲು, ಅವುಗಳ ಯೋಗಕ್ಷೇಮವನ್ನು ಬೆನ್ನಿನ ಕ್ಯಾನಿನೊಳಗಿನ ಘಾಟು ಔಷಧಿಗೆ ವಹಿಸಿ ನಾನು ನಿಶ್ಚಿಂತನಾಗಿರುತ್ತಿದ್ದೆ.

ಹೋದ ಬೆಳೆಯಲ್ಲಿ ಆ ಘಾಟಿಗೂ ಹುಳು ಜಗ್ಗಲಿಲ್ಲ. ಈ ಸಲ ಗಡ್ಡೆ ಕಟ್ಟುವ ಹೊತ್ತಿಗೆ ಹಸಿರು ಹುಳುಗಳು ಕರೆಯದ ನೆಂಟರಂತೆ ಬಂದು ಕೂತಾಗ, ಅವು ಒಳಗೆ ಹೊಕ್ಕರೆ ಬೆಳೆ ಮುಗಿದಂತೆಯೇ ಎಂದು ಹೆದರಿದೆ. ಕೃಷಿ ಓದಿದ ನನ್ನ ತಂಗಿಯ ಮಗಳು ಹೆಗ್ಗಡದೇವನಕೋಟೆಯಿಂದ ಒಂದು ಪೊಟ್ಟಣ ತಂದುಕೊಟ್ಟಳು: ಹುಳುವಿನ ಹೊಟ್ಟೆಯನ್ನಷ್ಟೇ ಕೆಡಿಸುವ ಬ್ಯಾಕ್ಟೀರಿಯಾವಂತೆ, ಬಿಸಿಲಿಳಿದ ಮೇಲೆ ಎಲೆಯ ಕೆಳಮೈಗೂ ತಾಗುವಂತೆ ಹೊಡೆಯಬೇಕಂತೆ, ತಿಂದ ಹುಳು ಸಾಯಲು ಎರಡು ಮೂರು ದಿನ ಕಾಯಬೇಕಂತೆ.

ಪಕ್ಕದ ಹೊಲದ ಪುಟ್ಟಸ್ವಾಮಣ್ಣ ಕ್ಯಾನಿನ ಬಾಯಿಗೆ ಮೂಗಿಟ್ಟು, "ಘಾಟೇ ಇಲ್ವಲ್ಲೋ. ಇದೇನ್ ಔಸ್ದಿನೋ, ತೀರ್ಥನೋ?" ಎಂದರು. ನಮ್ಮ ಕಡೆ ಮೂಗು ಒಪ್ಪಿದ ಮೇಲೆಯೇ ಔಷಧಿಗೆ ಮರ್ಯಾದೆ.

ಹೊಡೆದ ಮಾರನೆಯ ಬೆಳಿಗ್ಗೆ ನೋಡಿದರೆ ಹುಳುಗಳು ಜೀವಂತ. ತಲೆ ಕೆಟ್ಟು, ಹಳೆಯ ಘಾಟು ಔಷಧಿಯನ್ನೇ ಕಲಸಿ ಕ್ಯಾನು ಬೆನ್ನಿಗೇರಿಸಿದೆ. ಸಾಕಮ್ಮ ಅಡ್ಡ ನಿಂತಳು.

"ನೆನ್ನೆ ತಾನೆ ಊಟಕ್ಕೆ ಕೂರ್ಸಿದ್ದೀರಿ, ಉಂಡು ಏಳೋಗಂಟ ತಡೀರಿ. ಹುಳ ನೋಡ್ಬ್ಯಾಡಿ, ಎಲೆ ನೋಡಿ. ಒಸ ತೂತು ಎಲ್ಲೈತೆ?"

ಬಾಗಿ ನೋಡಿದೆ, ಹೊಸ ತೂತು ಒಂದೂ ಇರಲಿಲ್ಲ. ಮುಖ ಬಿಗಿದುಕೊಂಡೇ ಕ್ಯಾನು ಇಳಿಸಿದೆ. ಮೂರನೆಯ ದಿನ ಹುಳುಗಳು ಕಪ್ಪಾಗಿ, ಮೆತ್ತಗಾಗಿ ಎಲೆಗೆ ಜೋತುಬಿದ್ದಿದ್ದವು. ಪುಟ್ಟಸ್ವಾಮಣ್ಣ ಖಾಲಿ ಪೊಟ್ಟಣವನ್ನು ಸದ್ದಿಲ್ಲದೆ ಜೇಬಿಗಿಳಿಸಿಕೊಂಡು ಹೋದರು.

ಗಡ್ಡೆ ಬಲಿತ ಮೇಲೊಂದು ಬೆಳಿಗ್ಗೆ ಸಾಕಮ್ಮ ಕುಡುಗೋಲು ಹಿಡಿದು, ಕೆಂಪು ಬಟ್ಟೆಯನ್ನು ದಾಟಿ, ನೇರ ಪೇಟೆಸಾಲಿನ ನಡುವೆ ಹೋಗಿ ಪಲ್ಯಕ್ಕೊಂದು ಕೋಸು ಕೊಯ್ದಳು. ಅಭ್ಯಾಸಬಲ, "ಅದು ಮಾರೋದು ಕಣೇ, ನಾವ್ ತಿನ್ನೋದಲ್ಲ" ಎಂದುಬಿಟ್ಟೆ.

"ಕೊಂಡೋರೂ ತಿನ್ನೋಕೆ ತಾನೆ ಕೊಳ್ಳೋದು?" ಎಂದಳು.

ಅವಳೇನೋ ಸಹಜವಾಗಿಯೇ ಕೇಳಿದಳು. ನಾನೋ, ನನ್ನ ಮಕ್ಕಳಿಗೆ ಬಡಿಸಲು ಹೆದರಿದ್ದನ್ನು ಇಷ್ಟು ವರ್ಷ ಮೈಸೂರಿನ ಯಾರದೋ ಮಕ್ಕಳ ತಟ್ಟೆಗೆ ಚೀಲ ಹೊಲಿದು ಕಳಿಸಿದ್ದೆ. ಹುಳುವಿನ ಹೊಟ್ಟೆಯ ಬಗ್ಗೆ ಅಷ್ಟು ಯೋಚಿಸಿದವನಿಗೆ ಮನುಷ್ಯರ ಹೊಟ್ಟೆ ನೆನಪಾಗಿರಲಿಲ್ಲವೆಂದು ನಾಚಿಕೆಯಾಯಿತು.

ಮೊನ್ನೆ ಮತ್ತೆ ಸಸಿ ನೆಟ್ಟೆವು. ಕೆಂಪು ಬಟ್ಟೆಯ ಕೋಲು ಹಿಡಿದು ಅದನ್ನು ಎಲ್ಲಿ ಊರುವುದೆಂದು ಹೊಲವೆಲ್ಲ ಸುತ್ತಿ, ಕೊನೆಗೆ ಕಟ್ಟಕಡೆಯ ಸಾಲಿನಾಚೆ, ಬದುವಿನ ಮೇಲೆ ಊರಿ ಬಂದೆ. ಅದರಿಂದ ಈಚೆಗಿರುವುದೆಲ್ಲ ಮನೆಸಾಲು.