ಗದ್ದುಗೆ ಮುಟ್ಟಿ ಬಿಟ್ಟ ಮಾತ್ರೆ

ನನ್ನ ತಮ್ಮನಿಗೆ ನಿದ್ದೆ ಮಾತ್ರೆ ಮಾರಿದವನು ಇನ್ನೂ ಬದುಕಿದ್ದಾನೆ, ಚೆನ್ನಾಗಿಯೇ ಇದ್ದಾನೆ. ಹಾಳಾಗಿ ಹೋಗಲಿ ಎಂದು ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗಲೇ ಶಪಿಸುತ್ತೇನೆ. ದೇವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಅದು ತೊಂಬತ್ತರ ದಶಕದ ಕೊನೆ. ಅವನು ನಮ್ಮೂರು ಗುಬ್ಬಿಯಿಂದ ದಿನಾ ತುಮಕೂರಿಗೆ ಟೈರ್ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಅಲ್ಲೇ ಸದಾಶಿವನಗರದ ಕಡೆ ಒಂದು ಇಸ್ಪೀಟು ಕ್ಲಬ್ಬಿಗೆ ಹೋಗುವ ಚಟ ಹತ್ತಿತು. ಅಲ್ಲಿ ಕೂಲ್‌ಡ್ರಿಂಕ್ಸಿಗೆ ನಿದ್ದೆ ಮಾತ್ರೆ ಹಾಕಿಕೊಂಡು ಕುಡಿಯುತ್ತಿದ್ದರು. "ಬಾಯಿ ವಾಸ್ನೆ ಬರಲ್ಲ ಕಣಕ್ಕ, ಮೈಯೆಲ್ಲ ಹಗುರ ಆಯ್ತದೆ," ಎಂದು ನನಗೇ ಹೇಳಿದ್ದ. ಕ್ಲಬ್ಬು ಬಿಟ್ಟರೂ ಮಾತ್ರೆ ಬಿಡಲಿಲ್ಲ. ನಮ್ಮ ಬೀದಿ ತುದಿಯ ಮೆಡಿಕಲ್ ಸ್ಟೋರಿನವನು ಡಾಕ್ಟರ ಚೀಟಿ ಇಲ್ಲದೆ ಕೊಡುತ್ತಿದ್ದ. ತಮ್ಮನೋ ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ, ಅರ್ಧ ಆಡಿದ ಮಾತು ಮರೆಯುತ್ತಿದ್ದ. ಕೆಲಸವೂ ಹೋಯಿತು.

ಅಮ್ಮ ಮಠಕ್ಕೆ ನಡೆದುಕೊಳ್ಳುವವಳು. ಒಂದು ಸೋಮವಾರ ಅವನ ತಲೆಗೆ ನೀರು ಹಾಕಿ ಕರೆದುಕೊಂಡು ಹೋಗಿ, ಇನ್ನು ಒಂದೂ ಮುಟ್ಟುವುದಿಲ್ಲ ಎಂದು ಗದ್ದುಗೆ ಮುಟ್ಟಿಸಿ ಆಣೆ ಮಾಡಿಸಿದಳು. ನಮ್ಮ ಕಡೆ ಗದ್ದುಗೆ ಮುಟ್ಟಿ ಆಡಿದ ಮಾತೆಂದರೆ ಮುಗಿಯಿತು. ಬೀದಿಯವರೆಲ್ಲ ಹೊಗಳಿದರು.

ಆ ವಾರವೇ ಅವನ ಕೈ ನಡುಗತೊಡಗಿತು. ನಿದ್ದೆ ಇಲ್ಲ, ಬರೀ ಬೆವರು. ಗೋಡೆ ಮೇಲೆ ಇರುವೆ ಹರಿಯುತ್ತಿವೆ ಎಂದು ಟವೆಲಿನಿಂದ ಒರೆಸುತ್ತಿದ್ದ. ಇರುವೆ ಎಲ್ಲಿತ್ತು? ಒಂದು ಮಧ್ಯಾಹ್ನ ಫಿಟ್ಸ್ ಬಂತು. ಜೀಪಿನಲ್ಲಿ ತುಮಕೂರಿಗೆ ಹೊತ್ತೊಯ್ಯುವಾಗ ದಾರಿಯಲ್ಲೇ ಮತ್ತೆ ಮತ್ತೆ ಬಂತು. ಉಳಿಯಲಿಲ್ಲ.

"ಈ ಮಾತ್ರೆನ ಒಂದೇ ಸಲ ನಿಲ್ಲಿಸ್ಬಾರ್ದಮ್ಮ. ಕರ್ಕೊಂಡ್ ಬಂದಿದ್ರೆ ಸ್ವಲ್ಪಸ್ವಲ್ಪವಾಗಿ ಬಿಡಿಸ್ತಿದ್ವಿ," ಎಂದರು ಆಸ್ಪತ್ರೆಯ ಡಾಕ್ಟರು.

ಅಮ್ಮ ನಂಬಲಿಲ್ಲ. "ಕದ್ದು ತಿಂದವ್ನೆ ಕಣೇ. ಆಣೆ ಮುರಿದ್ರೆ ಗದ್ದುಗೆ ಸುಮ್ನೆ ಬುಡ್ತದಾ?" ನೆಂಟರೂ ತಲೆಯಾಡಿಸಿದರು. ಅವನ ಫೋಟೋವನ್ನು ಗೋಡೆಗೆ ಹಾಕಲು ಅಮ್ಮ ಬಿಡಲಿಲ್ಲ. ಪ್ರಾಣ ಹೋಗುವವರೆಗೂ ಮಾತು ಉಳಿಸಿಕೊಂಡ ಹುಡುಗ ಆಣೆಗೇಡಿ ಎನಿಸಿಕೊಂಡ.

ಮೆಡಿಕಲ್ ಸ್ಟೋರಿಗೆ ಹೋಗಿ, ಆಣೆ ಆದ ಮೇಲೆ ತಮ್ಮ ಬಂದಿದ್ದನಾ ಎಂದು ಕೇಳಿದೆ.

"ಇಲ್ಲಕ್ಕ. ಅಂಗಡಿ ಮುಂದೇನೇ ಹೋಗ್ತಿದ್ದ, ಈ ಕಡೆ ತಿರುಗೂ ನೋಡ್ಲಿಲ್ಲ."

"ಹಂಗೆ ನಿಲ್ಸಿದ್ರೆ ಜೀವಕ್ಕೇ ಅಪಾಯ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಗದ್ದುಗೆ ಮುಟ್ಟಿದವ್ನಿಗೆ ಇನ್ನೂ ತಿನ್ನು ಅಂತ ಹೆಂಗಕ್ಕ ಹೇಳ್ಲಿ? ಪಾಪ ಬರಲ್ವಾ?"

ಪಾಪವಂತೆ ಇವನಿಗೆ! ಮಾರುವಾಗ ಇಲ್ಲದ ಪಾಪ ಎಚ್ಚರಿಸುವಾಗ ಬಂತು. ನಮ್ಮಮ್ಮನ ಮುಂದೆ ಬಂದು ಇದನ್ನೇ ಹೇಳು ಎಂದೆ. ಒಲ್ಲೆ ಎಂದ. ಚೀಟಿ ಇಲ್ಲದೆ ಮಾರಿದ್ದು ಹೊರಬೀಳುತ್ತದಲ್ಲ.

ಸಂತೆ ದಿನ ಬಂತೆಂದರೆ ಅವನ ಅಂಗಡಿ ಮೆಟ್ಟಿಲ ಮೇಲೆ ಕೂರತೊಡಗಿದೆ. ಚೇಳೂರು ಬಸ್ಸಿಳಿದು ಬರುವ ಹೆಂಗಸರಿಗೆಲ್ಲ ನನ್ನ ತಮ್ಮನ ಕಥೆ ಹೇಳಿದೆ. ಗಿರಾಕಿಗಳು ಕರಗಿದರು. ಅಂಗಡಿ ಕಿತ್ತುಕೊಂಡು ಅವನು ಕುಣಿಗಲ್ಲಿಗೆ ಹೋದ. ಕುಣಿಗಲ್ಲಿಗೂ ಬಸ್ಸಿದೆ. ಅಲ್ಲಿಗೂ ಹೋಗಿ ಕೂತೆ. ನನ್ನನ್ನು ಕಂಡ ಕೂಡಲೇ ಅವನ ಮುಖ ಬಿಳಿಚುವುದನ್ನು ನೋಡಿ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಹೀಗೆ ವರ್ಷಗಳೇ ಕಳೆದವು.

ಕೊನೆಗೊಂದು ದಿನ ಸೋತು ನಮ್ಮ ಮನೆಗೆ ಬಂದ. ಅಮ್ಮನ ಮುಂದೆ ಕೂತು ತಲೆ ತಗ್ಗಿಸಿದ. "ನಿಮ್ಮ ಮಗ ಆಣೆ ಮುರೀಲಿಲ್ಲಮ್ಮ. ಒಂದೂ ಮಾತ್ರೆ ಮುಟ್ಲಿಲ್ಲ. ತಟ್ಟಂತ ಬಿಟ್ಟಿದ್ದಕ್ಕೇ ಫಿಟ್ಸ್ ಬಂದಿದ್ದು."

ಗೆದ್ದೆ ಎಂದುಕೊಂಡೆ. ಅಮ್ಮ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಹಂಗಾದ್ರೆ, ನಾನು ಆಣೆ ಮಾಡಿಸಿದ್ದಕ್ಕೇ ಹೋದ್ನೇನೇ?"

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟ. ಅಮ್ಮ ಮತ್ತೆಂದೂ ಮಠದ ಮೆಟ್ಟಿಲು ಹತ್ತಲಿಲ್ಲ. ಅದನ್ನೂ ನಾನು ಅವನ ತಲೆಗೇ ಕಟ್ಟಿದ್ದೇನೆ.