ಪರದೆ ಸರಿಯುವ ಮುಂಚಿನ ಅರ್ಧ ಗಂಟೆ

ಶನಿವಾರ, ಬೆಳಗಿನ ಆರು ಗಂಟೆ. ರಂಗಮಂದಿರದ ಹಿಂಬದಿಯಲ್ಲಿ ಸಾಮಾನು ಇಳಿಸುವ ದೊಡ್ಡ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಬೆಳಕು ಬೀಳುವ ಜಾಗದಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಕೂತಿದ್ದಾರೆ. ಮಡಿಲ ತುಂಬ ಕಡುಗೆಂಪು ವೆಲ್ವೆಟ್. ಕೈಯಲ್ಲಿರುವುದು ಸೂಜಿಯಲ್ಲ, ಬ್ಲೇಡಿನ ತುಂಡು. ನಾಲ್ಕು ದಿನ ಕೂತು ತಾವೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದಾರೆ. ಸಂಜೆ ಆರೂವರೆಗೆ ನಾಟಕ. ಅಷ್ಟರೊಳಗೆ ಈ ಪರದೆ ಮೇಲೇರಬೇಕು.

"ನಿನ್ನೇನೇ ಬಿಚ್ಚೋಕೆ ಕೂರ್ತಿದ್ದೆ. ಕೆಂಪು ಬಟ್ಟೇಲಿ ಕೆಂಪು ದಾರ, ಬಲ್ಬಿನ ಬೆಳಕಲ್ಲಿ ಕಾಣಲ್ಲ. ಬಟ್ಟೆ ಕೊಯ್ದುಬಿಟ್ರೆ ಮುಗೀತು ಕತೆ," ಎನ್ನುತ್ತಾರೆ ಪತ್ರಿಕೆಗೆ ಬರೆಯಲು ಬಂದ ನನಗೆ, ತಲೆ ಎತ್ತದೆ.

ನಾಟಕದವರು ಇವರನ್ನು ಕರೆಯುವುದು 'ಸೂಜಿ ಅತ್ತೆ' ಎಂದು. ಹೊಲಿಗೆ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಇಪ್ಪತ್ತಾರು ವರ್ಷದಿಂದ ಇಲ್ಲಿನ ಪರದೆಗೆ ತೇಪೆ ಹಾಕುವುದು ಇವರ ಕೆಲಸ. ಪರದೆಯ ಹಗ್ಗ ಎಳೆಯುವುದು ಇವರ ಗಂಡನ ಕೆಲಸ. "ನಾನು ಹೊಲಿಯೋದು, ಅವರು ಎಳೆಯೋದು. ಎಳೆದೆಳೆದು ಹರಿದಿದ್ದನ್ನ ಮತ್ತೆ ನಾನೇ ಹೊಲಿಯೋದು. ಸಂಸಾರ ಅಂದ್ರೆ ಇಷ್ಟೇ ಅಲ್ವಾ?"

ಹಗ್ಗಕ್ಕಿಂತ ದೊಡ್ಡ ಕಾಟ ನಟರ ಬೆರಳುಗಳದ್ದು. ನಾಟಕ ಶುರುವಾಗುವ ಮುಂಚೆ ಎಷ್ಟು ಜನ ಬಂದಿದ್ದಾರೆಂದು ನೋಡುವ ಚಪಲ ಎಲ್ಲರಿಗೂ. ನಡುವಿನ ಸೀಳಿನಲ್ಲಿ ಇಣುಕಿದರೆ ಪರದೆ ಅಲ್ಲಾಡಿ ಸಿಕ್ಕಿಬೀಳುತ್ತಾರೆ. ಅದಕ್ಕೇ ಕಣ್ಣಿನ ಮಟ್ಟಕ್ಕೆ ಒಂದು ತೂತು ಕೊರೆಯುತ್ತಾರೆ. ಅತ್ತೆ ಮುಚ್ಚಿದರೆ ಮುಂದಿನ ತಂಡ ಪಕ್ಕದಲ್ಲೇ ಇನ್ನೊಂದು ಕೊರೆಯುತ್ತದೆ. ಕೆಳಗಿಳಿಸಿಟ್ಟ ಹಳೆಯ ಪರದೆಯಲ್ಲಿ ನಾನು ಎಣಿಸಿದ ತೇಪೆ ನಲವತ್ತೊಂದು. "ಮೈಮೇಲೆ ರಾಜನ ವೇಷ, ಬೆರಳು ಮಾತ್ರ ಇಲಿ ಹಲ್ಲು!" ಎಂದು ಬೈಯುತ್ತಾರೆ ಅತ್ತೆ.

ಆ ಹಳೆಯದು ಕೊನೆಗೆ ತೇಪೆಗೂ ಬಗ್ಗದಾಯಿತು. ಹೊಸದನ್ನು ಹೊರಗಿನ ಕಂಪನಿಯಿಂದ ತರಿಸಲು ಮ್ಯಾನೇಜರ್ ಹೊರಟಿದ್ದರು. ಅತ್ತೆ ಅವರ ಕೋಣೆಗೆ ಹೋಗಿ ಒಂದೇ ಮಾತು ಕೇಳಿದರು: "ಹರಿದಿದ್ದನ್ನ ಹೊಲಿಯೋಳಿಗೆ ಹೊಸದು ಹೊಲಿಯೋಕೆ ಬರಲ್ವಾ ಸಾರ್?" ಒಪ್ಪಿಗೆಯೇನೋ ಸಿಕ್ಕಿತು. ಆದರೆ ಶನಿವಾರದ ನಾಟಕಕ್ಕೆ ಸಿದ್ಧವಾಗದಿದ್ದರೆ ಇನ್ನು ಮೇಲೆ ಎಲ್ಲ ಹೊಲಿಗೆಯೂ, ತೇಪೆ ಸಮೇತ, ಕಂಪನಿಗೆ ಹೋಗುತ್ತದೆ ಎಂಬ ಷರತ್ತಿನ ಮೇಲೆ.

ಹತ್ತು ಪಟ್ಟಿಗಳ ಪರದೆ. ಒಂದೊಂದು ಪಟ್ಟಿಯೂ ಇಪ್ಪತ್ತೆರಡು ಅಡಿ ಉದ್ದ. ಮೇಲೆ ನೆರಿಗೆ, ಕೆಳಗೆ ಅಂಚಿನೊಳಗೆ ಭಾರಕ್ಕೆಂದು ಕಬ್ಬಿಣದ ಸರಪಳಿ. ನಿನ್ನೆ ಸಂಜೆ ತೂಗುಹಾಕಿ, ದೀಪ ಹಾಕಿ ನೋಡಿದರು. ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಸಭಾಂಗಣದ ಹಿಂದಿನ ಸಾಲಿಗೆ ಹೋಗಿ ನಿಂತ ಗಂಡ ಮಾತ್ರ, "ಎಡಗಡೆ ಮೂರನೇದು ಯಾಕೋ ಮಂಕಾಗಿದೆಯಲ್ಲೇ?" ಅಂದರು.

ವೆಲ್ವೆಟ್ಟಿಗೆ ಬೆಕ್ಕಿನ ಮೈಯ ಹಾಗೆ ಒಂದು ದಿಕ್ಕಿದೆ. ಒಂದು ಕಡೆಗೆ ಸವರಿದರೆ ನುಣುಪು, ಎದುರಿಗೆ ಸವರಿದರೆ ಒರಟು. ಒಂದು ಪಟ್ಟಿ ತಲೆಕೆಳಗಾದರೂ ದೀಪದಲ್ಲಿ ಅದರ ಬಣ್ಣವೇ ಬೇರೆ. ಅದಕ್ಕೆಂದೇ ಅತ್ತೆ ಪ್ರತಿ ಪಟ್ಟಿಯ ಹಿಂದೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿದ್ದರು. ಮೂರನೆಯದರ ಬಾಣ ಉಲ್ಟಾ ಬಿದ್ದಿತ್ತು. "ಗುರುತು ಹಾಕೋವಾಗ ಇವರ ಹತ್ರ ಜಗಳ ಆಡ್ತಿದ್ದೆ. ಯಾತಕ್ಕೆ ಅಂತ ಈಗ ನೆನಪಿಲ್ಲ. ತಪ್ಪು ನಂದೇ. ಆದ್ರೂ ಎತ್ತಿ ತೋರಿಸಿದ್ರಲ್ಲ ಅಂತ ಮಲಗೋ ತನಕ ಮಾತಾಡಿಸ್ಲಿಲ್ಲ."

"ಯಾರಿಗೆ ಕಾಣುತ್ತಮ್ಮ, ಬಿಟ್ಬಿಡಿ," ಎಂದರಂತೆ ಮ್ಯಾನೇಜರ್. ಅತ್ತೆ ಬಿಡಲಿಲ್ಲ, ಪರದೆಯನ್ನು ಕೆಳಗಿಳಿಸಿಬಿಟ್ಟರು. "ಜನ ಅರ್ಧ ಗಂಟೆ ಮುಂಚೆ ಬಂದು ಕೂರ್ತಾರೆ. ನಾಟಕ ಶುರುವಾಗೋ ತನಕ ಅವರಿಗೆ ನೋಡೋಕೆ ಬೇರೇನಿದೆ ಹೇಳಿ?"

ಹತ್ತು ಗಂಟೆಗೆ ಎರಡೂ ಬದಿಯ ಹೊಲಿಗೆ, ನೆರಿಗೆ, ಸರಪಳಿಯ ಅಂಚು ಎಲ್ಲ ಬಿಚ್ಚಿ ಪಟ್ಟಿ ಕೈಗೆ ಬರುತ್ತದೆ. ಗಂಡ ಒಂದು ತುದಿ, ಹೆಂಡತಿ ಒಂದು ತುದಿ ಹಿಡಿದು ಅದನ್ನು ತಿರುಗಿಸುತ್ತಾರೆ. ಅತ್ತೆ ಎರಡು ಸಲ ಅಂಗೈಯಿಂದ ಸವರಿ ದಿಕ್ಕು ನೋಡುತ್ತಾರೆ, ಮೂರನೆಯ ಸಲ ಗಂಡನ ಕೈ ಹಿಡಿದು ಸವರಿಸುತ್ತಾರೆ. ಆಮೇಲೆ ಹೊಲಿಗೆ ಮೆಷಿನ್ನಿನ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಊಟದ ಡಬ್ಬಿಯನ್ನು ಇಬ್ಬರೂ ಮುಟ್ಟುವುದಿಲ್ಲ.

ನಾಲ್ಕು ಗಂಟೆಗೆ ಪರದೆ ಮೇಲೇರುತ್ತದೆ, ದೀಪ ಹತ್ತುತ್ತದೆ. ಗಂಡ ಮತ್ತೆ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಾರೆ. ಕಣ್ಣು ಕಿರಿದು ಮಾಡಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡುತ್ತಾರೆ.

"ಏನ್ರೀ, ಹೇಳ್ಬಾರ್ದಾ?"

"ಮೂರನೇದು ಯಾವುದೇ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಮ್ಯಾನೇಜರ್ ತಮ್ಮ ಕೋಣೆಗೆ ಹೋಗಿ ಕಂಪನಿಗೆ ಫೋನ್ ಮಾಡಿ, ಬೇಡವೆಂದು ಹೇಳಿ ಬರುತ್ತಾರೆ.

ಪರದೆಯ ಹಿಂದೆ ಹೋದ ನನಗೆ ಒಂದು ಪುಟ್ಟ ಕಿಂಡಿ ಕಾಣಿಸಿತು. ಅಂಗಿಯ ಗುಂಡಿತೂತಿಗೆ ಹಾಕುವಂತೆ ಸುತ್ತ ದಾರದ ಅಂಚು. "ಹೇಗಿದ್ರೂ ಕೊರೀತಾರೆ. ನಾನೇ ಮಾಡಿಟ್ರೆ ಹರಿಯಲ್ಲ," ಎಂದರು ಅತ್ತೆ. ಇಣುಕಲು ನಾನು ಸಾಕಷ್ಟು ಬಗ್ಗಬೇಕಾಯಿತು. "ನನ್ನ ಎತ್ತರಕ್ಕೆ ಇಟ್ಟಿದ್ದೀನಿ. ರಾಜರೆಲ್ಲ ಸ್ವಲ್ಪ ಬಗ್ಗಲಿ ಬಿಡಿ."

ಇಷ್ಟು ವರ್ಷದಲ್ಲಿ ಅವರು ಒಮ್ಮೆಯೂ ಪ್ರೇಕ್ಷಕರ ಸಾಲಿನಲ್ಲಿ ಕೂತವರಲ್ಲ. ಇವತ್ತು ಕೂರುವ ಆಸೆಯಿದೆ. "ಆರು ಗಂಟೆಗೇ ಹೋಗಿ ಮುಂದಿನ ಸಾಲಲ್ಲಿ ಕೂರ್ತೀನಿ. ಅವರು ಹಗ್ಗ ಎಳೆದ ತಕ್ಷಣ ಎದ್ದು ಬಂದ್ಬಿಡ್ತೀನಿ."

ನಾಟಕ ನೋಡುವುದಿಲ್ಲವೇ ಎಂದು ಕೇಳುತ್ತೇನೆ.

"ಪರದೆ ಸರಿದ್ಮೇಲೆ ನೋಡೋಕೆ ಇನ್ನೇನಿರುತ್ತೆ?"