ಹಾಲ್ ಬಿಟ್ಟುಕೊಡದ ಎರಡು ಸ್ಪೀಕರ್‌ಗಳು

ನನ್ನ ದೊಡ್ಡಪ್ಪ ಸ್ಪೀಕರ್ ವಿನ್ಯಾಸ ಮಾಡುತ್ತಿದ್ದರು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸಂಬಳಕ್ಕೆ, ಜಾಲಹಳ್ಳಿಯ ಮನೆಯಲ್ಲಿ ಸ್ವಂತ ಸಂತೋಷಕ್ಕೆ. ಸಂಬಳಕ್ಕೆ ಮಾಡಿದವು ಮಾರಾಟವಾಗಿ ಹೋದವು. ಸಂತೋಷಕ್ಕೆ ಮಾಡಿದ ಕೊನೆಯ ಜೋಡಿ, ಒಂದೊಂದೂ ಬಟ್ಟೆಯ ಬೀರುವಿನಷ್ಟು ಎತ್ತರದ್ದು, ಹಾಲ್‌ನಲ್ಲೇ ಉಳಿಯಿತು. ಅವುಗಳ ಎದುರಿಗೆ, ಎರಡರ ದನಿಯೂ ಸರಿಯಾಗಿ ಕೂಡುವ ಜಾಗದಲ್ಲಿ, ಒಂದೇ ಒಂದು ಕುರ್ಚಿ. ಅದರ ಕಾಲುಗಳ ಜಾಗವನ್ನು ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿದ್ದರು. ಕಸ ಗುಡಿಸುವಾಗಲೂ ಅದನ್ನು ಸರಿಸುವಂತಿರಲಿಲ್ಲ.

ದೊಡ್ಡಮ್ಮ ಧಾರವಾಡದ ಕಡೆಯವರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹಾಲ್ ಸ್ಪೀಕರ್‌ಗಳಿಗೆ ಸೇರಿದ್ದರಿಂದ ಅವರ ಟ್ಯೂಷನ್ ಅಡುಗೆಮನೆಯಲ್ಲಿ ನಡೆಯುತ್ತಿತ್ತು. ಮಕ್ಕಳು ಗ್ಯಾಸ್ ಸಿಲಿಂಡರಿಗೆ ಒರಗಿಕೊಂಡು ಬೀಜಗಣಿತ ಕಲಿಯುತ್ತಿದ್ದರು. ದೊಡ್ಡಪ್ಪ ತೀರಿಕೊಂಡ ಮೇಲೆ, ಅವರ ಶಿವಗಣಾರಾಧನೆಯ ದಿನ ಬೆಳಿಗ್ಗೆ ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ಅವರ ಗೆಳೆಯರು ಎಲ್ಲಾರೂ ಬರ್ತಾರ. ಯಾರರ ಒಬ್ಬರು ಈ ಡಬ್ಬಿ ಎರಡೂ ಒಯ್ದರ ಸಾಕವ್ವಾ. ಸೋಮವಾರದಿಂದ ಹುಡುಗರನ್ನ ಹಾಲ್‌ನಾಗ ಕೂಡಸಬೇಕು."

ಊಟವಾದ ಮೇಲೆ ಅದೇ ಹಾಲ್‌ನಲ್ಲಿ ನುಡಿನಮನ. ಮೊದಲು ಪೀಣ್ಯದ ಪ್ಲೈವುಡ್ ವ್ಯಾಪಾರಿ ಎದ್ದು ನಿಂತರು. ಒಮ್ಮೆ ಇಬ್ಬರೂ ಸ್ಕೂಟರಿನಲ್ಲಿ ಬರುವಾಗ ಗಣೇಶನ ಪೆಂಡಾಲಿನ ಸ್ಪೀಕರ್ ಒಡಕು ದನಿಯಲ್ಲಿ ಅರಚುತ್ತಿತ್ತಂತೆ.

"ಗಾಡಿ ನಿಲ್ಸು ಅಂದ. ಸೌಂಡ್ ಕಮ್ಮಿ ಮಾಡಿಸ್ತಾನೆ ಅಂದ್ಕೊಂಡೆ ಕಣ್ರೀ. ಅವನು ಸ್ಪೀಕರ್ ಬಿಚ್ಚಿ, ಒಳಗೆ ಹರಿದಿದ್ದ ಕಾಗದದ ಕೋನ್‌ಗೆ ತೇಪೆ ಹಾಕಿ, ಈಗ ಎಷ್ಟು ಬೇಕಾದ್ರೂ ಇಡ್ರಪ್ಪ ಅಂದ್ಬಿಟ್ಟ! ಗಣೇಶನ್ನ ಬಿಡೋವರ್ಗೂ ಬೀದೀಲಿ ಒಬ್ರೂ ನಿದ್ದೆ ಮಾಡ್ಲಿಲ್ಲ."

ಎಲ್ಲರೂ ನಕ್ಕರು. ಆ ಬೀದಿಯ ಕೊನೆಯ ಮನೆ ಇದೇ ಆಗಿತ್ತು. ದೊಡ್ಡಮ್ಮ ನಗಲಿಲ್ಲ.

ಆಮೇಲೆ ವೈಟ್‌ಫೀಲ್ಡಿನ ಗೆಳೆಯರೊಬ್ಬರು ಎದ್ದರು. ಒಂದು ಕಂಪನಿಯಲ್ಲಿ ಡೈರೆಕ್ಟರ್. ಅವರ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಹೋದ ದೊಡ್ಡಪ್ಪ ಇಟಾಲಿಯನ್ ಮಾರ್ಬಲ್ ನೋಡಲಿಲ್ಲ, ಈಜುಕೊಳ ನೋಡಲಿಲ್ಲ. ಹಾಲ್‌ನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ಹೇಳಿದರಂತೆ: "ಮಗಾ, ಈ ಮನೇಲಿ ಜಗಳ ಆಡ್ಬೇಡ. ಹೆಂಡ್ತಿ ಬೈದಿದ್ದೆಲ್ಲ ಎರಡೆರಡು ಸಲ ಕೇಳಿಸ್ಕೋಬೇಕಾಗತ್ತೆ."

ಇಷ್ಟು ಹೇಳಿ ಅವರು ಗಂಭೀರರಾದರು. "ಒಂದಿನ ನನ್ನನ್ನ ಈ ಕುರ್ಚಿ ಮೇಲೆ ಕೂರ್ಸಿ ಹಾಡು ಕೇಳ್ಸಿದ್ದ. ಆಮೇಲೆ, ಬೆಂಗಳೂರಲ್ಲಿ ನಿನ್ನೊಬ್ಬನ ಕಿವಿ ಮಾತ್ರ ನಂಬ್ತೀನಿ ಅಂದಿದ್ದ."

ಪ್ಲೈವುಡ್ ವ್ಯಾಪಾರಿ ಕೂತಲ್ಲಿಂದಲೇ, "ನಿಮಗೂ ಅಂದಿದ್ನಾ?" ಎಂದರು.

ಸಿಂಗಸಂದ್ರದಿಂದ ಬಂದಿದ್ದ ಬ್ಯಾಂಕಿನ ಗೆಳೆಯರೊಬ್ಬರು ಅದೇ ಮಾತು ಹೇಳಲೆಂದು ಆಗಲೇ ಎದ್ದು ನಿಂತಿದ್ದರು. ಕನ್ನಡಕ ಒರೆಸಿಕೊಂಡು ಕುಳಿತುಬಿಟ್ಟರು. ಅದೇ ಮಾತನ್ನು ದೊಡ್ಡಪ್ಪ ನನಗೂ ಹೇಳಿದ್ದರು. ಕುಂದಲಹಳ್ಳಿಯ ಆಫೀಸಿನಲ್ಲಿ ಮೀಟಿಂಗ್ ಆ್ಯಪ್‌ಗಳ ದನಿ ಪರೀಕ್ಷಿಸುವ ಕೆಲಸಕ್ಕೆ ನಾನು ಸೇರಿದ್ದೇ ಆ ಮಾತಿನ ಧೈರ್ಯದ ಮೇಲೆ. ಎರಡು ಮಾತಾಡು ಎಂದು ನನ್ನನ್ನು ಕರೆದಾಗ ತಲೆಯಾಡಿಸಿ ಬೇಡವೆಂದೆ.

ಕೊನೆಗೆ ಎಲ್ಲರೂ ಸ್ಪೀಕರ್‌ಗಳ ಕಡೆ ತಿರುಗಿದರು. ಇದು ಬರೀ ಸ್ಪೀಕರ್ ಅಲ್ಲ, ಅವನ ಆತ್ಮ ಎಂದರು ಡೈರೆಕ್ಟರ್. ಇದಕ್ಕೆ ಬೆಲೆ ಕಟ್ಟೋಕಾಗಲ್ಲ ಎಂದರು ಬ್ಯಾಂಕಿನವರು. ದೊಡ್ಡಮ್ಮನಿಗೆ ಇದೇ ಸರಿಯಾದ ಸಮಯವೆನ್ನಿಸಿತು.

"ಹಂಗಾದ್ರ ಯಾರು ಒಯ್ತೀರಿ ಹೇಳ್ರಿ. ರೊಕ್ಕ ಏನೂ ಬ್ಯಾಡ."

ಆ ಹಾಲ್‌ನಲ್ಲಿ ಅಷ್ಟು ಒಳ್ಳೆಯ ನಿಶ್ಶಬ್ದವನ್ನು ನಾನು ಹಿಂದೆ ಕೇಳಿರಲಿಲ್ಲ. ಡೈರೆಕ್ಟರ್ ಮನೆಯ ಲಿಫ್ಟಿನಲ್ಲಿ ಇವು ಹಿಡಿಯುವುದಿಲ್ಲವಂತೆ. ಬ್ಯಾಂಕಿನವರ ಹಾಲ್‌ನಲ್ಲಿ ಜಾಗವಿರುವ ಒಂದೇ ಮೂಲೆ ವಾಸ್ತು ಪ್ರಕಾರ ಖಾಲಿ ಇರಬೇಕಂತೆ. ಪ್ಲೈವುಡ್ ವ್ಯಾಪಾರಿ ನೇರವಾಗಿ ಹೇಳಿದರು: "ನಮ್ಮ ಮನೆಯವಳು ಇದನ್ನಲ್ಲ ಅತ್ತಿಗೆ, ನನ್ನನ್ನೇ ಆಚೆ ಹಾಕ್ತಾಳೆ." ದೊಡ್ಡಮ್ಮ ನನ್ನ ಕಡೆ ನೋಡಿದರು. ನನ್ನ ಬಾಡಿಗೆ ರೂಮಿನಲ್ಲಿ ಮಂಚ ಇಟ್ಟ ಮೇಲೆ ಬಾಗಿಲೇ ಅರ್ಧ ಮಾತ್ರ ತೆರೆಯುತ್ತದೆ. ನಾನು ನೆಲ ನೋಡಿದೆ.

ಡೈರೆಕ್ಟರ್ ಒಂದು ದಾರಿ ಕಂಡುಹಿಡಿದರು. "ಅತ್ತಿಗೆ, ಇವು ಇಲ್ಲೇ ಇರ್ಲಿ. ಈ ಹಾಲ್ ಅವನ ಸ್ಮಾರಕ. ತಿಂಗಳಿಗೊಂದ್ಸಲ ನಾವೆಲ್ಲ ಬಂದು ಕೂತು ಕೇಳ್ತೀವಿ."

"ಬರೀ ಕಾಫಿ ಸಾಕು ಅತ್ತಿಗೆ," ಎಂದು ಬ್ಯಾಂಕಿನವರು ಔದಾರ್ಯ ತೋರಿಸಿದರು.

ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹೌದ? ಇಲ್ಲೇ ಇರ್ಲಿ ಹಂಗಾದ್ರ. ಏಳ್ರಿ ಎಲ್ಲಾರೂ. ಇವನ್ನ ಅಡ್ಡ ಮಲಗಸ್ರಿ. ಮಾರಿ ಗೋಡಿ ಕಡೆ."

"ಅಯ್ಯೋ ಅತ್ತಿಗೆ, ಮಲಗ್ಸೋದಾ? ಇದನ್ನಾ?"

"ನಿಂತರ ನಿಮಗ ಉಪಯೋಗ. ಮಲಗಿದ್ರ ನನ್ನ ಹುಡುಗರಿಗೆ ಡೆಸ್ಕು. ಹಿಡೀರಿ."

ಶಾಲೆ ಬಿಟ್ಟು ಎಷ್ಟೋ ವರ್ಷಗಳಾಗಿದ್ದ ಆ ಗಂಡಸರು ಗಣಿತದ ಮೇಡಂ ದನಿ ಕೇಳಿ ಎದ್ದರು. ಮನೆಗೆ ಒಯ್ಯಿರಿ ಎಂದಾಗ ಬೆನ್ನು ತಿರುಗಿಸಿದವರೆಲ್ಲ ಮಲಗಿಸಲು ಹೆಗಲು ಕೊಟ್ಟರು. ಗೋಡೆಯುದ್ದಕ್ಕೂ ಒಂದರ ಪಕ್ಕ ಒಂದನ್ನು ಮಲಗಿಸಿದಾಗ ನೆಲದ ಮೇಲೆ ಕೂತು ಬರೆಯಲು ಹೇಳಿ ಮಾಡಿಸಿದಷ್ಟು ಎತ್ತರವಿತ್ತು. ಮೇಲೆ ಲೋಟ ಮಾತ್ರ ಇಡಬೇಡಿ ಎಂದು ಕೇಳಿಕೊಂಡು ಡೈರೆಕ್ಟರ್ ಕಾರು ಹತ್ತಿದರು. ಮತ್ತೆ ಬಂದಿಲ್ಲ.

ಸೋಮವಾರ ನಾನೂ ಅಲ್ಲೇ ಇದ್ದೆ. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತು, ಹೊಸ ಡೆಸ್ಕು ಸಿಕ್ಕಿದ ಖುಷಿಗೆ ಎರಡೂ ಕೈಯಿಂದ ಡೋಲು ಬಾರಿಸಲು ನೋಡಿದರು. ಏನೂ ಕೇಳಿಸಲಿಲ್ಲ, ಬರೀ ದಪ್ಪ ಹಾಸಿಗೆಗೆ ಬಡಿದಂತಹ ಮಂದ ಸದ್ದು. ಸ್ಪೀಕರಿನ ಪೆಟ್ಟಿಗೆ ತಾನು ದನಿ ಮಾಡಬಾರದೆಂದು ದೊಡ್ಡಪ್ಪ ಅದರೊಳಗೆ ಅಡ್ಡಪಟ್ಟಿಗಳನ್ನು ಕೊಟ್ಟು ವರ್ಷಗಟ್ಟಲೆ ಒದ್ದಾಡಿದ್ದರು. ಮಕ್ಕಳು ಬೇಸರಗೊಂಡು ಪುಸ್ತಕ ತೆಗೆದರು.

ದೊಡ್ಡಮ್ಮ ಸೀಮೆಸುಣ್ಣ ಹಿಡಿದು ಸ್ವಲ್ಪ ಹೊತ್ತು ಆ ಪೆಟ್ಟಿಗೆಗಳನ್ನೇ ನೋಡಿದರು. ತಾವೂ ಒಮ್ಮೆ ಬಗ್ಗಿ ಬೆರಳಿನಿಂದ ತಟ್ಟಿದರು.

"ಭಾಳ ಚಲೋ ಮಾಡ್ಯಾರ," ಎಂದರು.